ಹುಷಾರು ಮೇಷ್ಟ್ರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರು ಅವರಿಗೆ ಇಟ್ಟ ಅಡ್ಡಹೆಸರನ್ನು ಮಾತ್ರ ಬರೆಯದೆ ವಿಧಿಯಿಲ್ಲ. ಹಳೇಬೀಡಿನಲ್ಲಿ ಅವರನ್ನು ಬೆನ್ನ ಹಿಂದೆ 'ಹುಷಾರು ಮೇಷ್ಟ್ರು' ಎನ್ನುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದವರು, ಬಲು ಜಾಣರಿರಬೇಕು, ಅದಕ್ಕೇ ಈ ಹೆಸರು ಎಂದುಕೊಳ್ಳುತ್ತಿದ್ದರು. ಜಾಣರೇನೋ ಹೌದು. ಆದರೆ ಹೆಸರು ಬಂದದ್ದು ಅದರಿಂದಲ್ಲ. ಹೋದ ಮಾಘದಲ್ಲಿ ಅವರು ಅರಸೀಕೆರೆಯಲ್ಲಿ ತೀರಿಕೊಂಡರು. ಆ ಹೆಸರಿನ ಹಿಂದಿನ ಕಥೆಯನ್ನು ಅರ್ಧ ಬಲ್ಲವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಉಳಿದರ್ಧ ನನ್ನಲ್ಲಿದೆ.

ನಾನು ಕೆಲಸಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು. ನಮ್ಮ ತಂದೆ ಬೇಲೂರಿನಲ್ಲಿ ದೇವಸ್ಥಾನದ ಕಚೇರಿಯ ಗುಮಾಸ್ತರು. ಹಳೇಬೀಡಿನ ಮಿಡ್ಲ್ ಸ್ಕೂಲಿಗೆ ನನ್ನ ಆರ್ಡರ್ ಬಂದ ಕೂಡಲೇ ಅವರು ಬಸ್ಸು ಹತ್ತಿ ಹೋಗಿ, ಅಲ್ಲಿನ ಇಂಗ್ಲಿಷ್ ಮೇಷ್ಟ್ರನ್ನು ಕಂಡು, ಹೆಣ್ಣುಮಗಳು, ನಿಮ್ಮ ಕಣ್ಣಳತೆಯಲ್ಲಿರಲಿ ಎಂದು ಕೇಳಿಕೊಂಡರು. ಮೇಷ್ಟ್ರು ತಮ್ಮ ಮನೆಯದೇ ಬೀದಿಬದಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಅವರ ಹೆಂಡತಿ ಲಕ್ಷ್ಮಮ್ಮನವರು ಮಗಳನ್ನು ಅದೇ ತಾನೇ ಮದುವೆ ಮಾಡಿ ಕಳಿಸಿದ್ದರು. ಆ ಮಗಳಿಗೆ ಸಲ್ಲಬೇಕಾದ ಸಾರು, ಪಲ್ಯ, ಬೈಗುಳ ಎಲ್ಲ ನನಗೆ ಸಂದವು.

ಮೇಷ್ಟ್ರು ಉದ್ದಕ್ಕೆ ಬಡಕಲಾಗಿದ್ದರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ಬಿಳಿ ರುಮಾಲು. ಎಡಜೇಬಿನಲ್ಲಿ ನಶ್ಯದ ಡಬ್ಬಿ, ಬಲಜೇಬಿನಲ್ಲಿ ಸಣ್ಣದೊಂದು ನೋಟ್‌ಬುಕ್ಕು. ಹೊಸ ಇಂಗ್ಲಿಷ್ ಮಾತು ಔಷಧಿ ಸೀಸೆಯ ಮೇಲೆ ಕಂಡರೂ ಸರಿ, ಬೆಂಕಿಪೊಟ್ಟಣದ ಮೇಲೆ ಕಂಡರೂ ಸರಿ, ಅದರಲ್ಲಿ ಬರೆದುಕೊಳ್ಳುತ್ತಿದ್ದರು. ದೇವಸ್ಥಾನ ನೋಡಲು ಬಿಳಿಯರು ಬಂದರೆ ಮಾತಾಡಿಸಲು ಹೆಡ್ಮಾಷ್ಟ್ರು ಇವರನ್ನೇ ಕಳಿಸುತ್ತಿದ್ದರು. ಒಮ್ಮೆ ಒಬ್ಬ ದೊರೆಸಾನಿ ಇವರ ಯಾವುದೋ ಉಚ್ಚಾರಣೆಯನ್ನು ತಿದ್ದಿದಳು. ಇವರು ಅಲ್ಲೇ ನಂದಿಯ ಮುಂದೆ ನಿಂತು, ನೋಟ್‌ಬುಕ್ಕು ತೆಗೆದು, ಅವಳ ಕೈಯಿಂದಲೇ ಬರೆಸಿಕೊಂಡು ಬಂದರು. ನಮಗೆಲ್ಲ ತೋರಿಸಿ, ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಡ್ತಿದ್ದೆ ನೋಡಿ ಎಂದು ನಕ್ಕರು. ತಮ್ಮದೇ ತಪ್ಪೊಂದು ಕೈಗೆ ಸಿಕ್ಕಿತೆಂದರೆ ಅವರಿಗೆ ಆಗ ಸಂತೋಷವಾಗುತ್ತಿತ್ತು.

ಪದ ಒಡೆಯುವುದು ಅವರ ಪಾಠದ ಕ್ರಮ. ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಾ, "ಒಡೆದು ನೋಡ್ರೋ, ಒಳಗೆ ತಿರುಳಿರುತ್ತೆ" ಎನ್ನುವರು. 'ರಿಕವರ್' ಎಂಬ ಮಾತು ಬಂದಾಗ, 'ರೀ' ಎಂದರೆ ಮತ್ತೆ, 'ಕವರ್' ಎಂದರೆ ಹೊದಿಸು ಎಂದು ಕತ್ತರಿಸಿ ಬೋರ್ಡಿನ ಮೇಲೆ ಬರೆದರು. ಜ್ವರದವನು ಹೊರಳಾಡಿ ಕಂಬಳಿ ಒದ್ದುಬಿಡುತ್ತಾನೆ, ತಾಯಿ ಎದ್ದು ಬಂದು ಮತ್ತೆ ಹೊದಿಸುತ್ತಾಳೆ, ಹಾಗೆ ಹೊದಿಸಿ ಹೊದಿಸಿ ಹುಷಾರು ಮಾಡುತ್ತಾಳೆ, ಅದಕ್ಕೇ ಕಾಯಿಲೆ ವಾಸಿಯಾಗುವುದಕ್ಕೆ ಆ ಮಾತು ಬಂತು ಎಂದು ವಿವರಿಸಿದರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಮಕ್ಕಳು ಅದನ್ನು ಯಾವತ್ತೂ ಮರೆಯುವಂತಿರಲಿಲ್ಲ. ನಾನೂ ಮರೆಯಲಿಲ್ಲ.

ಹಾಗೆ ಕೇಳಿ ಕಲಿತವರಲ್ಲಿ ಬಸ್ತಿಹಳ್ಳಿಯ ಮಲ್ಲೇಶನೂ ಒಬ್ಬ. ನಾನು ಬರುವ ಹೊತ್ತಿಗೆ ಅವನು ಸ್ಕೂಲು ಮುಗಿಸಿ ಹೋಗಿದ್ದ. ಅವನ ತಾಯಿ ದೇವೀರಮ್ಮ, ಗಂಡ ಸತ್ತವಳು, ಎರಡು ಎಮ್ಮೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಿದ್ದಳು. ಶಿವಮೊಗ್ಗೆಯ ಆಚೆ ಎಲ್ಲೋ ಒಂದು ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಅಲ್ಲಿನ ಸ್ಟೋರಿನಲ್ಲಿ ಸಾಮಾನು ಬರೆದಿಡುವ ಕೆಲಸಕ್ಕೆ ಮಲ್ಲೇಶನಿಗೆ ಅರ್ಜಿ ಬರೆದುಕೊಟ್ಟವರು ಮೇಷ್ಟ್ರೇ. ನಾಲ್ಕಕ್ಷರ ಇಂಗ್ಲಿಷ್ ಬಂದದ್ದಕ್ಕೆ ನನ್ನ ಮಗ ನೆರಳಲ್ಲಿ ಕೂತು ಉಣ್ಣುವ ಹಾಗಾಯಿತು ಎಂದು ದೇವೀರಮ್ಮ ಹಾಲು ಅಳೆಯುವಾಗಲೆಲ್ಲ ಹೇಳುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಮಲ್ಲೇಶನಿಗೆ ಜ್ವರ, ಕೆಲಸದ ಜಾಗದ ಆಸ್ಪತ್ರೆಯಲ್ಲಿ ಮಲಗಿದ್ದಾನೆ ಎಂದು ಅವನ ಜೊತೆಗಾರನೊಬ್ಬ ಕಾಗದ ಬರೆದ. ಹದಿನೈದು ದಿನ ಬೇರೆ ಸುದ್ದಿಯಿಲ್ಲ. ದೇವೀರಮ್ಮ ಹಾಲು ಹಾಕಿ ಹೋಗುವಾಗ ಮೇಷ್ಟ್ರ ಜಗಲಿಯ ಮೇಲೆ ಸುಮ್ಮನೆ ಒಂದು ಗಳಿಗೆ ಕೂತು ಏಳುವಳು. ಆಗ ಹಳೇಬೀಡಿನಲ್ಲಿ ತಂತಿ ಕಚೇರಿ ಇರಲಿಲ್ಲ. ಬೇಲೂರಿಗೆ ಬಂದ ತಂತಿ ಅಂಚೆ ಚೀಲದ ಜೊತೆ ಬಸ್ಸಿನಲ್ಲಿ ಬರಬೇಕಿತ್ತು. ಒಂದು ಶುಕ್ರವಾರ ಅವಳ ಹೆಸರಿಗೊಂದು ತಂತಿ ಬಂತು. ಅದನ್ನು ಹಿಡಿದುಕೊಂಡು ಅವಳು ಸ್ಕೂಲಿಗೆ ಓಡಿ ಬಂದಳು. ಮೇಷ್ಟ್ರು ಯಾರೋ ಬಿಳಿಯರ ಜೊತೆ ದೇವಸ್ಥಾನಕ್ಕೆ ಹೋಗಿದ್ದರು. ಅವಳು ನನ್ನ ಕೈಗೆ ಕೊಟ್ಟಳು.

ನಾನು ಬಿಡಿಸಿ ಓದಿದೆ. ಇದ್ದದ್ದು ಐದೇ ಮಾತು: 'ಮಲ್ಲೇಶ ರಿಕವರ್ಡ್ ಯೆಸ್ಟರ್‌ಡೇ ಸ್ಟಾರ್ಟ್ ಇಮ್ಮಿಡಿಯೆಟ್ಲಿ.'

ನಿನ್ನೆ ಹುಷಾರಾದ, ಕೂಡಲೇ ಹೊರಡಿ. ನನ್ನ ಮನಸ್ಸಿಗೆ ಬಂದದ್ದು ಅಷ್ಟೇ. ಮಾತು ತುಟಿಯವರೆಗೆ ಬಂದಿತ್ತು. ಆದರೆ ದೇವೀರಮ್ಮ ನನ್ನ ಬಾಯನ್ನೇ ನೋಡುತ್ತಿದ್ದ ರೀತಿಗೆ ನನಗೆ ಹೆದರಿಕೆಯಾಯಿತು. ತಪ್ಪಿಹೋದರೆ ಎನ್ನಿಸಿತು. ಹುಷಾರಾಗಿದ್ದರೆ ಹೀಗೆ ಅವಸರ ಮಾಡುತ್ತಾರೆಯೇ ಎಂದೂ ಒಂದು ಕ್ಷಣ ಅನ್ನಿಸಿತೋ ಏನೋ, ಈಗ ಖಂಡಿತವಾಗಿ ಹೇಳಲಾರೆ. ಅದನ್ನು ಮಡಿಸಿ ಅವಳ ಕೈಗೆ ವಾಪಸು ಕೊಟ್ಟು, ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ, ಮೇಷ್ಟ್ರು ಬರಲಿ ಎಂದುಬಿಟ್ಟೆ.

ಅರ್ಧ ಗಂಟೆಗೆ ಮೇಷ್ಟ್ರು ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ಕನ್ನಡಕ ಒರೆಸಿಕೊಂಡು ಓದಿದರು. ಅವರ ಮುಖ ಅರಳಿತು.

"ಹುಷಾರಾಗಿದಾನೆ ಕಣಮ್ಮ ನಿನ್ನ ಮಗ. ನಿನ್ನೆ ಹುಷಾರಾದನಂತೆ. ಹೊರಟು ಬನ್ನಿ ಅಂದಿದಾರೆ."

"ಹುಸಾರಾಗವ್ನಾ?"

"ಹೂಂ."

"ಇನ್ನೊಂದ್ ಕಿತ ಓದಿ ಮೇಷ್ಟ್ರೆ."

ಅವರು ಇನ್ನೊಂದು ಸಲ ಓದಿದರು. ಜ್ವರ ಬಿಟ್ಟ ಮೈಯಲ್ಲಿ ನಿತ್ರಾಣ ಇರುತ್ತೆ, ಒಬ್ಬನನ್ನೇ ಕಳಿಸೋದು ಬೇಡ ಅಂತ ಕರೆದಿರಬೇಕು ಎಂದು ತಾವೇ ಅರ್ಥ ಹೇಳಿದರು. ದೇವೀರಮ್ಮ ರೈಲು ಕಂಡವಳಲ್ಲ. ಮೇಷ್ಟ್ರು ಹೆಡ್ಮಾಷ್ಟ್ರ ಹತ್ತಿರ ರಜೆ ಬರೆದುಕೊಟ್ಟು ತಾವೇ ಜೊತೆಗೆ ಹೊರಟರು. ಅವಳು ಊರಿಗೆ ಹೋಗಿ, ಇದ್ದ ಹಿಟ್ಟಿನಲ್ಲಿ ತಂಬಿಟ್ಟು ಕಟ್ಟಿಕೊಂಡು, ಮಧ್ಯಾಹ್ನದ ಬಾಣಾವರದ ಬಸ್ಸಿಗೆ ಬಂದಳು. ಬಸ್ಸು ಹೊರಡುವ ಮೊದಲು ಕಿಟಕಿಯಿಂದ ಕೈಚಾಚಿ ನನಗೂ ಒಂದು ತಂಬಿಟ್ಟು ಕೊಟ್ಟಳು. ನಾನು ತಿಂದೆ.

ಮಾರನೆಯ ದಿನ ಬೆಳಿಗ್ಗೆ ಇನ್ನೊಂದು ತಂತಿ ಬಂತು. ನಿನ್ನೆ ಬಂದದ್ದಕ್ಕಿಂತ ಎರಡು ದಿನ ಮೊದಲೇ ಕೊಟ್ಟದ್ದು. ಮಲ್ಲೇಶ ಹಿಂದೆ ಯಾವತ್ತೋ ತನ್ನ ಊರಿನ ಸ್ಟೇಷನ್ನು ಅರಸೀಕೆರೆ ಎಂದು ಬರೆಸಿದ್ದನಂತೆ. ಕೆಲಸದ ಜಾಗದ ಯಾರೋ ಅದನ್ನೇ ವಿಳಾಸವೆಂದು ಹಾಕಿ ಕಳಿಸಿದ್ದರು. ಅದು ಅರಸೀಕೆರೆಗೆ ಹೋಗಿ, ಅಲ್ಲಿ ಬಸ್ತಿಹಳ್ಳಿ ಯಾವುದೆಂದು ತಿಳಿಯದೆ ನಿಂತು, ಕೊನೆಗೆ ನಮ್ಮಲ್ಲಿಗೆ ಬಂದಿತ್ತು. ಅಂಚೆಯವನು ಮೇಷ್ಟ್ರ ಮನೆಗೇ ತಂದುಕೊಟ್ಟ. ಲಕ್ಷ್ಮಮ್ಮನವರು ನನ್ನನ್ನು ಕರೆದರು. ಮಲ್ಲೇಶ ನದಿಯಲ್ಲಿ ಕಾಣೆಯಾಗಿದ್ದಾನೆ, ಹುಡುಕುತ್ತಿದ್ದೇವೆ ಎಂದು ಅದರಲ್ಲಿತ್ತು.

ನಿನ್ನೆಯ ತಂತಿಯ ಅರ್ಥ ನನಗೆ ಆ ಬಾಗಿಲಲ್ಲಿ ನಿಂತಲ್ಲೇ ಆಯಿತು. ಹುಷಾರಾಗಿರಲಿಲ್ಲ. ಸಿಕ್ಕಿದ್ದ.

ಲಕ್ಷ್ಮಮ್ಮನವರಿಗೆ ಹೇಳಿದೆ. ಅವರು ಒಲೆಯ ಮೇಲಿದ್ದುದನ್ನು ಇಳಿಸಿದರು. ಹೊರಟ ಇಬ್ಬರನ್ನೂ ದಾರಿಯಲ್ಲಿ ಎಲ್ಲಾದರೂ ತಡೆಯಬಹುದಾ ಎಂದು ಕೇಳಿದರು. ಅಷ್ಟು ಹೊತ್ತಿಗೆ ಅವರು ಬೀರೂರು ದಾಟಿ ಶಿವಮೊಗ್ಗೆ ತಲುಪಿರಬೇಕು. ಬಾಣಾವರಕ್ಕೆ ಹೋಗಿ ಸ್ಟೇಷನ್ ಮಾಸ್ಟರಿಗೆ ಹೇಳಿದರೆ ಎಂದರು. ಯಾವ ಬಸ್ಸು ಹಿಡಿದರೂ ಆಗುತ್ತಿರಲಿಲ್ಲ. ನಾವಿಬ್ಬರೂ ಅಡುಗೆಮನೆಯಲ್ಲಿ ಕೂತೆವು. ಆ ದಿನ ಸ್ಕೂಲಿನ ಗಂಟೆ ಹೊಡೆದದ್ದು ಕೇಳಿಸಿದರೂ ನಾನು ಏಳಲಿಲ್ಲ. ಈಗ ಬಸ್ಸು ಹತ್ತಿರುತ್ತಾರೆ, ಈಗ ಇಳಿದಿರುತ್ತಾರೆ ಎಂದು ಲಕ್ಷ್ಮಮ್ಮನವರು ಮೆಲ್ಲಗೆ ಹೇಳುತ್ತಲೇ ಇದ್ದರು. ನಾನು ಕಿವಿ ಮುಚ್ಚಿಕೊಂಡೆ.

ಅಲ್ಲಿ ಆದದ್ದನ್ನು ಮೇಷ್ಟ್ರು ನನಗೆ ಹೇಳಿದ್ದು ಬಹಳ ತಿಂಗಳ ಮೇಲೆ, ಒಂದೇ ಒಂದು ಸಲ. ರೈಲಿನಲ್ಲಿ ಎದುರು ಕೂತವರಿಗೆಲ್ಲ ದೇವೀರಮ್ಮ, ನನ್ನ ಮಗ ಹುಷಾರಾದ ಎಂದು ಹೇಳಿ ತಂಬಿಟ್ಟು ಹಂಚಿದಳಂತೆ. ಮಗನಿಗೆಂದು ನಾಲ್ಕು ಉಳಿಸಿ ಗಂಟು ಕಟ್ಟಿಕೊಂಡಳಂತೆ. ಕೆಲಸದ ಜಾಗಕ್ಕೆ ಹೋಗಿ ಮಲ್ಲೇಶನ ಹೆಸರು ಹೇಳಿದಾಗ ಅಲ್ಲಿನ ಗುಮಾಸ್ತ, ಗುರುತು ಹಿಡಿಯುವವರು ಯಾರು ಎಂದು ಕೇಳಿದ. ಇವರು ನಗುತ್ತಲೇ, ತಾಯಿಯೇ ಬಂದಿದ್ದಾರೆ ಎಂದರು. ಅವನು ಅವಳ ಕೈಯಲ್ಲಿದ್ದ ಗಂಟನ್ನು ನೋಡಿದ. ಇವರ ಮುಖ ನೋಡಿದ.

"ಸಾರ್, ನಿಮಗೆ ಮೊದಲನೇ ತಂತಿ ಬರಲಿಲ್ವಾ?"

ಜ್ವರ ಬಿಟ್ಟು ಎರಡು ದಿನವಾಗಿತ್ತಂತೆ. ಸ್ನಾನಕ್ಕೆಂದು ಹೊಳೆಗೆ ಇಳಿದವನು ನಿಲ್ಲಲಾರದೆ ಕೊಚ್ಚಿಹೋಗಿದ್ದ. ಗುಮಾಸ್ತ ಅದನ್ನೆಲ್ಲ ಇಂಗ್ಲಿಷಿನಲ್ಲಿ, ದೇವೀರಮ್ಮನಿಗೆ ತಿಳಿಯದಿರಲೆಂದು, ಇವರೊಬ್ಬರಿಗೇ ಹೇಳಿದ. ಅವಳು ಇವರ ಬಾಯನ್ನು ನೋಡುತ್ತಾ ನಿಂತಿದ್ದಳು. ಅವಳಿಗೆ ಹೇಳಬೇಕಾದವರು ಮತ್ತೆ ಇವರೇ. ಆ ಸಲ ಯಾವ ಮಾತಿನಲ್ಲಿ ಹೇಳಿದೆ ಎಂಬುದು ತಮಗೆ ನೆನಪಿಲ್ಲ ಎಂದರು ಮೇಷ್ಟ್ರು. ಶೆಡ್ಡಿನಲ್ಲಿ ಗೋಣಿತಟ್ಟು ಹೊದಿಸಿದ್ದರು. ಮುಖ ನೋಡುವ ಹಾಗಿರಲಿಲ್ಲ. ತಾನು ಕಟ್ಟಿದ್ದ ಉಡಿದಾರದಿಂದ ದೇವೀರಮ್ಮ ಗುರುತು ಹಿಡಿದಳು. ಗೋಣಿತಟ್ಟನ್ನು ಮತ್ತೆ ಎಳೆದು, ಅಂಚನ್ನು ಸುತ್ತ ಒತ್ತಿ, ಗಾಳಿ ಹೋಗದ ಹಾಗೆ ಹೊದಿಸಿದಳು. ಅಲ್ಲೇ ಹೊಳೆಯ ದಡದಲ್ಲಿ ಕಾರ್ಯ ಮುಗಿಸಿ, ಮಗನ ಟ್ರಂಕು ಹೊತ್ತುಕೊಂಡು ಇಬ್ಬರೂ ವಾಪಸಾದರು. ದಾರಿಯಲ್ಲಿ ಅವಳು ಅಳಲಿಲ್ಲ, ಇವರನ್ನು ಒಂದು ಮಾತೂ ಅನ್ನಲಿಲ್ಲ. ಬಾಣಾವರದಲ್ಲಿ ಇಳಿದಾಗ, ನೀವು ಏನಾದರೂ ತಿನ್ನಿ ಮೇಷ್ಟ್ರೆ, ನೆನ್ನೆಯಿಂದ ಹಾಗೇ ಇದ್ದೀರಿ ಎಂದಳಂತೆ.

ಊರು ಅನ್ನದೆ ಇರಲಿಲ್ಲ. ಸತ್ತವನನ್ನು ಹುಷಾರಾದ ಎಂದು ಓದಿದ ಮೇಷ್ಟ್ರು ಎಂದು ಸಂತೆಯಲ್ಲಿ ಮಾತಾಯಿತು. ಹೆಸರು ಹಾಗೆ ಹುಟ್ಟಿತು. ಇದರ ಜೊತೆಗೇ ಇನ್ನೊಂದು ಮಾತೂ ಹಬ್ಬಿತು. ಮೊದಲು ಆ ಚಿಕ್ಕ ಟೀಚರಮ್ಮನ ಕೈಗೆ ಕೊಟ್ಟಿದ್ದರಂತೆ, ಅವಳು ತನಗೆ ತಿಳಿಯದು ಎಂದಳಂತೆ, ಬುದ್ಧಿವಂತೆ ಎಂದು. ಹೆಡ್ಮಾಷ್ಟ್ರು ಒಂದು ದಿನ ಎಲ್ಲ ಮೇಷ್ಟ್ರುಗಳ ಎದುರಿಗೆ, "ತಿಳೀದಿದ್ರೆ ತಿಳೀದು ಅನ್ನಬೇಕು ರೀ. ಈ ಹುಡುಗೀನ ನೋಡಿ ಕಲೀರಿ" ಎಂದರು. ಮೇಷ್ಟ್ರು ತಲೆ ತಗ್ಗಿಸಿ, ಹೌದು ಸಾರ್ ಎಂದರು. ನಾನು ಅವರ ಪಕ್ಕದ ಬೆಂಚಿನಲ್ಲೇ ಕೂತಿದ್ದೆ. ನಾನೂ ಹಾಗೇ ಓದಿದ್ದೆ ಎನ್ನಲು ಬೇಕಾದದ್ದು ಮೂರು ಮಾತು. ನನ್ನ ಬಾಯಿಂದ ಅದು ಬರಲಿಲ್ಲ. ಪ್ರೊಬೇಷನ್ ಮುಗಿದಿರಲಿಲ್ಲ, ವಯಸ್ಸು ಚಿಕ್ಕದು, ಹೀಗೆ ಎಷ್ಟೋ ಕಾರಣಗಳನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಾದ ಕಾರಣ, ಬುದ್ಧಿವಂತೆ ಎನ್ನಿಸಿಕೊಂಡದ್ದು ನನಗೆ ಹಿತವಾಗಿತ್ತು.

ದೇವೀರಮ್ಮ ಹದಿನಾಲ್ಕನೆಯ ದಿನ ಹಾಲು ತಂದಳು. ಮೇಷ್ಟ್ರ ಮನೆಗೂ ಎಂದಿನಷ್ಟೇ ಅಳೆದು ಹಾಕಿದಳು. ಅವಳು ಬರುವ ಹೊತ್ತಿಗೆ ಮೇಷ್ಟ್ರು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಕೊನೆಗೆ ಒಂದು ಭಾನುವಾರ, ನನ್ನನ್ನೂ ಕರೆದುಕೊಂಡು ಬಸ್ತಿಹಳ್ಳಿಗೆ ಹೋದರು. ಬಸದಿಗಳ ಹಿಂದೆ ಅವಳ ಮನೆ. ಅವಳು ಚಾಪೆ ಹಾಸಿ ನೀರು ಕೊಟ್ಟಳು. ಮೇಷ್ಟ್ರು ಕೂರಲಿಲ್ಲ.

"ನೀನು ನನ್ನ ಒಂದು ಮಾತು ಬೈಯಮ್ಮ," ಎಂದರು. "ಹೀಗೆ ಇರಬೇಡ. ಬಾಯಿಗೆ ಬಂದಂಗೆ ಬೈದುಬಿಡು."

ದೇವೀರಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ತಿರುಗಲಿಲ್ಲ. "ಬೈದ್ರೆ ಎದ್ ಬತ್ತಾನಾ ಮೇಷ್ಟ್ರೆ? ಬತ್ತಾನೆ ಅನ್ನಂಗಿದ್ರೆ ಯೋಳಿ, ಇಡೀ ದಿವ್ಸ ಬೈತೀನಿ."

ಹಿಂದಿರುಗುವಾಗ ಮೇಷ್ಟ್ರು ಕೆರೆ ಏರಿಯ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲಿ ನಿಂತಿದ್ದೆ. ಆಗಲೂ ಹೇಳಬಹುದಿತ್ತು.

ಆಮೇಲೆ ಅವರನ್ನು ಆ ಮಾತು ಹಿಡಿಯಿತು. ಅರಸೀಕೆರೆಯಲ್ಲಿ ಅವರ ಸ್ನೇಹಿತರೊಬ್ಬರು ವಕೀಲರಿದ್ದರು, ಅವರ ಮನೆಯಲ್ಲಿ ದೊಡ್ಡದೊಂದು ಇಂಗ್ಲಿಷ್ ನಿಘಂಟಿತ್ತು. ಅದನ್ನು ನೋಡಲೆಂದೇ ರಜೆ ಹಾಕಿ ಹೋದರು. ಸಂಜೆ ಬಂದವರೇ ನನ್ನನ್ನು ಕರೆದು ನೋಟ್‌ಬುಕ್ಕು ತೋರಿಸಿದರು. ನಾಲ್ಕು ಪುಟ ತುಂಬಾ ಅದೇ ಒಂದು ಮಾತು. ರೀ ಕವರ್ ಎಂದು ಒಡೆದದ್ದೇ ತಪ್ಪು ಎಂದರು. ಮತ್ತೆ ಹೊದಿಸು ಎಂಬ ಮಾತು ಬೇರೆಯೇ ಇದೆ, ಅದಕ್ಕೆ ನಡುವೆ ಒಂದು ಗೀಟು. ಈ ಮಾತು ಲ್ಯಾಟಿನ್ನಿನಲ್ಲಿ ಹುಟ್ಟಿ ಫ್ರೆಂಚಿನ ಮೂಲಕ ಬಂದದ್ದು, ಹೊದಿಕೆಗೂ ಅದಕ್ಕೂ ನಂಟಿಲ್ಲ. ಅದರ ಬೇರಿನ ಅರ್ಥ, ಕಳೆದದ್ದನ್ನು ವಾಪಸು ಪಡೆಯುವುದು. ರಾಜ ರಾಜ್ಯವನ್ನು ವಾಪಸು ಪಡೆದರೂ ಅದೇ ಮಾತು, ಕೋರ್ಟಿನಲ್ಲಿ ಸ್ವತ್ತು ವಾಪಸು ಬಂದರೂ ಅದೇ, ನೀರಿನಿಂದ ಎತ್ತಿದರೂ ಅದೇ. ಕಾಯಿಲೆಯವನು ತನ್ನನ್ನು ತಾನು ವಾಪಸು ಪಡೆಯುತ್ತಾನೆ, ಅದಕ್ಕೇ ವಾಸಿಯಾಗುವುದಕ್ಕೂ ಅದೇ.

"ನಮ್ಮಲ್ಲಿ ನೋಡಿ," ಎಂದು ಕನ್ನಡದ ಮಾತುಗಳನ್ನು ಎಣಿಸಿದರು. ಹುಷಾರು ಎಂದರೆ ಎಚ್ಚರ, ಪಾರಸಿಯಿಂದ ಬಂದದ್ದು. ವಸೂಲಿ ಅರಬ್ಬಿಯದು, ಕೈಗೆ ಬಂದು ತಲುಪುವುದು ಎಂದು ಅರ್ಥ. ಚೇತರಿಸಿಕೊಳ್ಳುವುದರಲ್ಲಿ ಚೇತನ ಇದೆ. ವಾಸಿ ಎಂದರೆ ಮೊದಲಿಗಿಂತ ಮೇಲು, ಅಷ್ಟೇ, ಪೂರ್ತಿ ಸರಿಹೋಯಿತು ಎಂದು ಅದು ಹೇಳುವುದೇ ಇಲ್ಲ. ನಮ್ಮ ಜನ ಒಂದೊಂದಕ್ಕೂ ಒಂದೊಂದು ಮಾತು ಇಟ್ಟುಕೊಂಡಿದ್ದಾರೆ, ಹೆಣ ಸಿಕ್ಕಿದ್ದನ್ನೂ ಜ್ವರ ಬಿಟ್ಟದ್ದನ್ನೂ ಒಂದೇ ಮಾತಿನಲ್ಲಿ ಹೇಳುವುದು ನಮ್ಮಿಂದ ಆಗುವುದಿಲ್ಲ ಎಂದರು. ಆಮೇಲೆ ವ್ಯಾಕರಣಕ್ಕೆ ಬಂದರು. 'ಮಲ್ಲೇಶ ರಿಕವರ್ಡ್' ಎಂದರೆ ಕರ್ತರಿ ಪ್ರಯೋಗ, ಅವನೇ ಎದ್ದು ಕೂತ. ನಡುವೆ ಒಂದು 'ವಾಸ್' ಇದ್ದರೆ ಕರ್ಮಣಿ, ಅವನನ್ನು ಬೇರೆಯವರು ಎತ್ತಿದರು. ತಂತಿಗೆ ಮಾತಿನ ಲೆಕ್ಕದಲ್ಲಿ ಕಾಸು. ಯಾರೋ ಆ ಒಂದು ಮಾತನ್ನು ಉಳಿಸಿದ್ದರು.

ಅದರಿಂದ ಅವರಿಗೆ ಸಮಾಧಾನವಾಗುತ್ತದೆ ಎಂದು ನಾನು ಎಣಿಸಿದೆ. ತಪ್ಪು ನಿಮ್ಮದಲ್ಲ ಸಾರ್, ತಂತಿಯದು ಎಂದೆ. ಅವರು ಆರನೆಯ ತರಗತಿಯ ಇಂಗ್ಲಿಷ್ ರೀಡರು ತಂದು ಒಂದು ಪಾಠ ತೆಗೆದರು. ಅಲ್ಲಿ ಒಬ್ಬ ರಾಜ ಕಳೆದುಕೊಂಡ ರಾಜ್ಯವನ್ನು ರಿಕವರ್ ಮಾಡುತ್ತಾನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಮರಳಿ ಪಡೆದನು ಎಂದು ಅವರದೇ ಅಕ್ಷರ.

"ಎಂಟು ವರ್ಷದಿಂದ ಈ ಪಾಠ ಮಾಡ್ತಿದೀನಿ. ಎರಡರ್ಥಾನೂ ನನಗೆ ಗೊತ್ತಿತ್ತಮ್ಮ," ಎಂದರು. "ನಾನು ಕಾಗದ ನೋಡಿ ಓದಲಿಲ್ಲ. ಅವಳ ಮುಖ ನೋಡಿ ಓದಿದೆ."

ಕೆಲವು ತಿಂಗಳಿಗೆ ಆ ಕೆಲಸದ ಕಚೇರಿಯಿಂದ ದೇವೀರಮ್ಮನಿಗೆ ಒಂದು ಕಾಗದ ಬಂತು. ಅವಳು ಅದನ್ನು ತೆಗೆದುಕೊಂಡು ಯಾರ ಹತ್ತಿರವೂ ಹೋಗದೆ, ನೇರ ಮೇಷ್ಟ್ರ ಜಗಲಿಗೇ ಬಂದು ಕೂತಳು. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಮಲ್ಲೇಶನ ಉಳಿದ ಸಂಬಳ ಕಳಿಸುತ್ತೇವೆ, ಆದರೆ ಆಸ್ಪತ್ರೆಯಲ್ಲಿ ಅವನಿಗೆ ಕೊಟ್ಟಿದ್ದ ಕಂಬಳಿ ಹಿಂದಿರುಗಿಲ್ಲವಾದ್ದರಿಂದ ಅದರ ಬೆಲೆಯ ರಿಕವರಿ ಅದರಲ್ಲೇ ಆಗುತ್ತದೆ ಎಂದು ಅದರಲ್ಲಿತ್ತು. ಮೇಷ್ಟ್ರು ಒಂದೊಂದೇ ಮಾತನ್ನು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಬೆರಳಿಟ್ಟು ಓದಿ ಹೇಳಿದರು. ಆ ಮಾತು ಬಂದಾಗ ಬೆರಳು ನಿಂತಿತು. ಹಿಡಿದುಕೊಳ್ಳುತ್ತಾರೆ ಎಂದು ಅರ್ಥ ಹೇಳಿದರು. ದೇವೀರಮ್ಮ, ಹಿಡ್ಕಳ್ಳಿ ಬಿಡಿ ಎಂದು ಎದ್ದು ಹೋದಳು. ಕಾಗದ ಅಲ್ಲೇ ಬಿಟ್ಟಿದ್ದಳು.

ಆ ದಿನದಿಂದ ಅವರು ಆ ಕಚೇರಿಗೆ ಬರೆಯತೊಡಗಿದರು. ಓದು ಬಾರದ ಮನೆಗಳಿಗೆ ತಂತಿ ಕೊಡುವಾಗ ಇಂಥ ಮಾತು ಹಾಕಬೇಡಿ, ತೀರಿಕೊಂಡ ಎಂದು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ, ಒಂದು ಮಾತು ಹೆಚ್ಚಾದರೆ ಆಗಲಿ ಎಂದು ಮೂರು ಮೂರು ಪುಟ. ಉತ್ತರ ಬರಲಿಲ್ಲ. ಪಾಠವೂ ಕೆಟ್ಟಿತು. ಒಂದು ಮಾತು ಸಿಕ್ಕಿದರೆ ಅದಕ್ಕೆ ಇರುವ ಅಷ್ಟೂ ಅರ್ಥಗಳನ್ನು ಮಕ್ಕಳ ಕೈಯಲ್ಲಿ ಬರೆಸಿ, ಇದರಲ್ಲಿ ಯಾವುದು, ಹೇಗೆ ಗೊತ್ತು, ಖಂಡಿತವಾ ಎಂದು ಕೇಳುವರು. ಮಕ್ಕಳು ಅಳುತ್ತಿದ್ದವು. ಒಂದು ತಿಂಗಳಲ್ಲಿ ಒಂದು ಪಾಠ ಮುಗಿಯಲಿಲ್ಲ. ಇನ್ಸ್‌ಪೆಕ್ಟರು ಬಂದು ನೋಡಿ ಷರಾ ಬರೆದು ಹೋದರು. ಬಿಳಿಯರು ಬಂದರೆ ದೇವಸ್ಥಾನಕ್ಕೆ ಹೋಗುವುದನ್ನು ಮೇಷ್ಟ್ರು ನಿಲ್ಲಿಸಿದರು. ಬೀದಿಯಲ್ಲಿ ಯಾವನೋ ಅಡ್ಡಹೆಸರು ಹಿಡಿದು ಕೂಗಿದಾಗ ನಿಂತು, ತಿರುಗಿ, ಏನಪ್ಪ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಎರಡು ವರ್ಷದ ಮೇಲೆ ತಾವೇ ಕೇಳಿಕೊಂಡು ಅರಸೀಕೆರೆಗೆ ವರ್ಗ ಮಾಡಿಸಿಕೊಂಡರು, ಅಲ್ಲೇ ನಿವೃತ್ತರಾದರು. ನಾನು ಹಳೇಬೀಡಿನಲ್ಲೇ ಉಳಿದೆ. ಅಲ್ಲೇ ಮದುವೆಯಾಯಿತು. ವರ್ಷಕ್ಕೆ ಒಂದೆರಡು ಸಲ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ದಿನಾ ಬೆಳಿಗ್ಗೆ ಅವರು ತಂತಿ ಕೊಡುವ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ ಎಂದು ಲಕ್ಷ್ಮಮ್ಮನವರು ಹೇಳಿದರು. ಗಂಡಸಿಯ ಕಡೆಯವರು, ಬಾಣಾವರದ ಕಡೆಯವರು ಯಾರಾದರೂ ತಂತಿ ಬರೆಸುತ್ತಿದ್ದರೆ ಇವರು ಇಣುಕಿ ನೋಡಿ, ಇಲ್ಲೊಂದು ಮಾತು ಹಾಕಿ, ಅರ್ಥವಾಗೋದಿಲ್ಲ ಎನ್ನುವರು. ಕೆಲವರು ಹಾಕುತ್ತಿದ್ದರು. ಹೆಚ್ಚಿನವರು ನಿಮಗ್ಯಾಕೆ ಬೇಕು ಯಜಮಾನ್ರೆ ಎನ್ನುತ್ತಿದ್ದರು. ಒಬ್ಬ ಇವರ ಕೈ ತಳ್ಳಿದಾಗ ಬಿದ್ದು ಮಣಿಕಟ್ಟು ಮುರಿದಿತ್ತು. ಅದು ಕೂಡಿಕೊಂಡ ಮೇಲೆ ಮತ್ತೆ ಹೋದರು.

ಹೋದ ದೀಪಾವಳಿಗೆ ಮೊದಲು ನಾನು ಹೋದಾಗ ಮೇಷ್ಟ್ರು ಬಹಳ ಇಳಿದಿದ್ದರು. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರೂ ಕೇಳದಿದ್ದರೂ ಆ ದಿನದ ಮಾತನ್ನೇ ತೆಗೆದರು. ಕಲಿತವರು ಬೇರೆ ಯಾರಾದರೂ ಆಗಿದ್ದರೆ ಹಾಗೆ ಓದುತ್ತಿರಲಿಲ್ಲ, ನೀವೇ ಓದಲಿಲ್ಲವಲ್ಲ ಎಂದರು. ಆ ಮಾತಿಗೆ ನನಗೆ ತಡೆಯಲಾಗಲಿಲ್ಲ.

"ಸಾರ್, ಆವತ್ತು ನಾನು ತಂತಿ ಬಿಡಿಸಿ ಓದಿದ್ದೆ," ಎಂದೆ. "ಹುಷಾರಾದ ಅಂತಲೇ ತಿಳಿದುಕೊಂಡಿದ್ದೆ. ಹೇಳೋಕೆ ಧೈರ್ಯ ಬರದೆ ನಿಮ್ಮ ಹತ್ತಿರ ಕಳಿಸಿದೆ."

ಅವರು ಹೆಂಡತಿಯನ್ನು ಕರೆದರು. ಅವರು ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

"ಇವಳ ಮುಂದೆ ಇನ್ನೊಂದು ಸಲ ಹೇಳಿ."

ನಾನು ಇನ್ನೊಂದು ಸಲ ಹೇಳಿದೆ. ಲಕ್ಷ್ಮಮ್ಮನವರು ಕೇಳಿಸಿಕೊಂಡರು. ಹತ್ತು ವರ್ಷದ ಹಿಂದೆ ಅಡುಗೆಮನೆಯಲ್ಲಿ ನನ್ನ ಜೊತೆ ಒಂದು ದಿನ ಪೂರ್ತಿ ಕೂತಿದ್ದವರು ಅವರು. ಒಳಗೆ ಹೋದವರು ನಾನು ಹೊರಡುವವರೆಗೆ ಹೊರಗೆ ಬರಲಿಲ್ಲ, ಕುಂಕುಮವನ್ನೂ ಕೊಡಲಿಲ್ಲ. ಮೇಷ್ಟ್ರ ಮುಖ ಹಗುರಾಯಿತು ಎಂದು ಬರೆಯಲು ನನಗೆ ಬಹಳ ಆಸೆ. ಹಾಗೇನೂ ಆಗಲಿಲ್ಲ. ಹೆಡ್ಮಾಷ್ಟ್ರು ಹೇಳಿದ ದಿನ ಈ ಮಾತು ಹೇಳಿದ್ದರೆ ಆಗುತ್ತಿತ್ತಲ್ಲಮ್ಮ ಎಂದಷ್ಟೇ ಅಂದರು, ಸಿಟ್ಟಿಲ್ಲದೆ, ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವ ಹಾಗೆ.

ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು.

"ದೇವೀರಮ್ಮನಿಗೆ ಗೊತ್ತಾ ಇದು?"

"ಇಲ್ಲ ಸಾರ್."

"ಹೇಳಬೇಡಿ. ಈ ಊರುಗಳಲ್ಲಿ ಅವಳು ಒಬ್ಬರ ಮನೆಗಾದರೂ ನಂಬಿಕೊಂಡು ಹೋಗ್ಲಿ. ತಪ್ಪು ಓದಿದವನು ಅವಳಿಗೆ ನಾನೊಬ್ಬ ಸಾಕು."

ನಾನು ಹೇಳಿಲ್ಲ. ದೇವೀರಮ್ಮ ಈಗಲೂ ದಿನಾ ಬೆಳಿಗ್ಗೆ ನಮ್ಮ ಮನೆಗೆ ಹಾಲು ಹಾಕುತ್ತಾಳೆ, ಬಂದ ಕಾಗದಗಳನ್ನೆಲ್ಲ ನನ್ನ ಕೈಯಲ್ಲೇ ಓದಿಸಿಕೊಳ್ಳುತ್ತಾಳೆ. ಮೇಷ್ಟ್ರು ಬೇಡವೆಂದದ್ದಕ್ಕೆ ಸುಮ್ಮನಿದ್ದೇನೆ ಎಂದು ಬರೆದರೆ ಅದು ಪೂರ್ತಿ ನಿಜವಾಗುವುದಿಲ್ಲ.